ಅಮ್ಮನ ಮೊಣಕೈ ಅಳತೆಗೆ ಮಾಡಿಸಿದ ಅಡುಗೆಮನೆ

ಕೆಂಗೇರಿ ಉಪನಗರದ ನಮ್ಮ ಎರಡು ಬೆಡ್‌ರೂಮಿನ ಫ್ಲಾಟ್‌ಗೆ ಅಡುಗೆಮನೆ, ಎರಡು ವಾರ್ಡ್‌ರೋಬ್, ಒಂದು ಮಂಚ ಮಾಡಿಸಿ ಎಂಟು ತಿಂಗಳಾಯಿತು. ಮಾಡಿಕೊಟ್ಟವರು ಕಾಮಾಕ್ಷಿಪಾಳ್ಯದ ಕಡೆಯ ಒಂದು ಸಣ್ಣ ವರ್ಕ್‌ಶಾಪ್‌ನವರು. ಒಂದು ಮಳೆಗಾಲ ಕಳೆಯಲಿ ಅಂತ ಇಷ್ಟು ದಿನ ಬರೆಯದೆ ಕಾದಿದ್ದೆ.

ಮೊದಲು ಎರಡು ದೊಡ್ಡ ಶೋರೂಮ್‌ಗೆ ಹೋಗಿದ್ದೆವು. ಕಂಪ್ಯೂಟರ್‌ನಲ್ಲಿ ಚೆಂದದ ಚಿತ್ರ ತೋರಿಸಿದರು. ಮನೆಯಲ್ಲಿ ಅಡುಗೆ ಮಾಡುವವರು ಯಾರು ಅಂತ ಒಬ್ಬರೂ ಕೇಳಲಿಲ್ಲ. ಈ ವರ್ಕ್‌ಶಾಪ್‌ನ ಡಿಸೈನರ್ ಹುಡುಗಿ ಅಳತೆಗೆ ಬಂದಾಗ ಮೊದಲು ಕೇಳಿದ್ದೇ ಅದನ್ನ. ಅಮ್ಮನನ್ನು ತೋರಿಸಿದೆ. "ಆಂಟಿ, ಚಪಾತಿ ಲಟ್ಟಿಸೋ ಥರ ಕೈ ಮಡಚಿ ನಿಂತ್ಕೊಳ್ಳಿ" ಅಂದಳು. ನೆಲದಿಂದ ಮೊಣಕೈಗೆ ಟೇಪ್ ಹಿಡಿದಳು. 36 ಇಂಚು. ಅಮ್ಮ 4 ಅಡಿ 10 ಇಂಚು ಅಷ್ಟೇ.

"ಎಲ್ಲರ ಮನೇಲೂ ಹಾಕೋ 34 ಇಂಚಿನ ಕಟ್ಟೆ ನಿಮಗೆ ಎತ್ತರ ಆಗುತ್ತೆ ಆಂಟಿ, ಭುಜ ನೋಯುತ್ತೆ. ಒಲೆ ಕಡೆ 31 ಸಾಕು." ಸಿಂಕ್ ಕಡೆ ಮಾತ್ರ 34 ಇರಲಿ ಅಂದಳು. ತೊಟ್ಟಿಯ ಆಳಕ್ಕೆ ಕೈ ಹೋಗುತ್ತಲ್ಲ, ಕಟ್ಟೆ ತಗ್ಗಿದ್ದರೆ ಪಾತ್ರೆ ತೊಳೆಯುವಾಗ ಬೆನ್ನು ಬಗ್ಗಿಸಬೇಕಾಗುತ್ತೆ. ಎರಡು ಎತ್ತರದ ಕಟ್ಟೆ ನೋಡೋಕೆ ಹೇಗಿರುತ್ತೋ ಅಂತ ನನಗೆ ಅಳುಕಿತ್ತು. ಈಗ ಅಮ್ಮ ಕಾಲ ಕೆಳಗೆ ಮಣೆ ಇಟ್ಟುಕೊಳ್ಳದೆ ಹುಳಿ ಕುದಿಸುತ್ತಾರೆ. ಬಾಣಲೆಯೊಳಗೆ ಏನಾಗ್ತಿದೆ ಅಂತ ಅವರಿಗೆ ಕಾಣುತ್ತೆ. ನನಗೆ ಅಷ್ಟು ಸಾಕು.

ಬೆಡ್‌ರೂಮ್ 10 ಅಡಿಗೆ 11 ಅಡಿ. ನಾನು ಸ್ಲೈಡಿಂಗ್ ಬಾಗಿಲೇ ಬೇಕು ಅಂತಿದ್ದೆ. ಅದಕ್ಕೆ ಹಳಿಯ ಜಾಗವೂ ಸೇರಿ ವಾರ್ಡ್‌ರೋಬ್ ಮೂರು ಇಂಚು ಜಾಸ್ತಿ ಮುಂದೆ ಬರುತ್ತೆ ಅಂದಳು. ನೆಲದ ಮೇಲೆ ಪೇಪರ್ ಟೇಪ್ ಅಂಟಿಸಿ ಮಂಚದ ಗಡಿ, ಬಾಗಿಲು ತೆರೆದರೆ ಎಲ್ಲಿಗೆ ಬರುತ್ತೆ ಅನ್ನೋದು, ಎಲ್ಲ ಗುರುತು ಮಾಡಿ ನನ್ನನ್ನೇ ಓಡಾಡಿ ನೋಡೋಕೆ ಹೇಳಿದಳು. ಓಡಾಡಿದ ಮೇಲೆ ಸಾಮಾನ್ಯ ಬಾಗಿಲಿಗೇ ಒಪ್ಪಿದೆ. 24 ಇಂಚು ಆಳ. ಅಮ್ಮನ ರೇಷ್ಮೆ ಸೀರೆಗಳಿಗೆ ಹತ್ತು ಹತ್ತು ಇಂಚಿನ ಅರೆಗಳು, ಹಾಗಾಗಿ ಒಂದು ಸೀರೆ ಎಳೆದರೆ ಇಡೀ ರಾಶಿ ಕುಸಿಯಲ್ಲ.

ಬೇಜಾರಾಗಿದ್ದೂ ಇದೆ. 45 ದಿನ ಅಂದವರು 70 ದಿನ ತೆಗೆದುಕೊಂಡರು. ಬಾಡಿಗೆ ಮನೆ ಬಿಡೋಕಾಗದೆ ಒಂದು ತಿಂಗಳ ಬಾಡಿಗೆ ಸುಮ್ನೆ ಹೋಯಿತು. ಅದಕ್ಕಿಂತ ನೋವಾಗಿದ್ದು ಸಿಂಕ್ ಕೆಳಗಿನ ಪೆಟ್ಟಿಗೆ. ನೀರು ತಾಗುವ ಕಡೆ ಬಿಡಬ್ಲ್ಯೂಪಿ ಪ್ಲೈವುಡ್, ಅಂದರೆ ಕುದಿಯೋ ನೀರಿಗೂ ತಡೆಯೋ, ಐಎಸ್ 710 ಅನ್ನೋ ಗುಣಮಟ್ಟದ ಮುದ್ರೆ ಇರೋದು ಅಂತ ಮಾತಾಗಿತ್ತು. ಜುಲೈನಲ್ಲಿ ಪೈಪ್ ಜಾಯಿಂಟ್ ತೊಟ್ಟಿಕ್ಕಿ ತಳದ ಹಲಗೆಯ ಅಂಚು ಉಬ್ಬಿತು. ಕಾರ್ಪೆಂಟರ್ ಬಂದು ಬಿಚ್ಚಿ ನೋಡಿದರು. ಪಕ್ಕದ ಹಲಗೆಗಳು ಸರಿಯಾಗಿದ್ದವು, ತಳಕ್ಕೆ ಮಾತ್ರ ಸಾಧಾರಣ ಪ್ಲೈ ಹಾಕಿದ್ದರು. ಒಳ್ಳೆ ಹಲಗೆಗೇ ದುಡ್ಡು ಕೊಟ್ಟಿದ್ದೆವು, ಅಲ್ವಾ? ಮಾಲೀಕರು ತಪ್ಪು ಒಪ್ಪಿಕೊಂಡರು. ಮೂರನೇ ದಿನ ಹೊಸ ಹಲಗೆ ಹಾಕಿಸಿದರು, ಒಂದು ರೂಪಾಯಿ ಕೇಳಲಿಲ್ಲ.

ಲ್ಯಾಮಿನೇಟ್ ಅಂಟಿಸಿದ ಮೇಲೆ ಮುದ್ರೆ ಕಾಣೋದೇ ಇಲ್ಲ. ಪ್ಲೈವುಡ್ ಹಾಳೆಗಳನ್ನು ಕತ್ತರಿಸೋಕೆ ಮುಂಚೆ ಒಂದು ಸಲ ವರ್ಕ್‌ಶಾಪ್‌ಗೆ ಹೋಗಿ ನೋಡಬೇಕಿತ್ತು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಹಾಳೆ ತಂದ ಬಿಲ್ ತೋರಿಸಿದ್ದರು, ನಾನು ಅಷ್ಟಕ್ಕೇ ಸುಮ್ಮನಾದೆ.

ಮುಂದಿನ ತಿಂಗಳು ಅಕ್ಕನ ಮನೆ ಅಳತೆಗೆ ಅದೇ ಹುಡುಗಿ ಬರುತ್ತಿದ್ದಾಳೆ, ನಾನೇ ಹೇಳಿ ಕರೆಸಿದ್ದು. ಈ ಸಲ ಹಾಳೆಗಳ ಮುದ್ರೆ ನಾನೇ ಹೋಗಿ ನೋಡುತ್ತೇನೆ, ಸಿಂಕ್ ತಳದ್ದೂ ಸೇರಿಸಿ.