ಒಳಗಿನ ಬದುಕು ಅಗ್ಗ, ಬಾಗಿಲು ದುಬಾರಿ: ಸಹವಸತಿಯ ಬಾಡಿಗೆದಾರಳ ವಿಮರ್ಶೆ

ಸಹವಸತಿ (ಕೋಹೌಸಿಂಗ್) ಸಮುದಾಯವೊಂದರಲ್ಲಿ ನಾನು ಬಾಡಿಗೆಗಿದ್ದು ಹಲವು ವರ್ಷಗಳಾದವು. ಪ್ರತಿ ಕುಟುಂಬಕ್ಕೂ ಅಡುಗೆಮನೆಯುಳ್ಳ ಪ್ರತ್ಯೇಕ ಮನೆ, ನಡುವೆ ಎಲ್ಲರಿಗೂ ಸೇರಿದ ಸಾಮೂಹಿಕ ಮನೆ: ಇದೇ ಇಲ್ಲಿನ ಏರ್ಪಾಡು. ನನ್ನದು ಒಂದೇ ಸಂಬಳದಲ್ಲಿ ನಡೆಯುವ ಸಂಸಾರ. ಹಾಗಾಗಿ ಏನನ್ನೇ ಅಳೆದರೂ ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯಿತು ಎಂಬುದರಿಂದಲೇ ಅಳೆಯುತ್ತೇನೆ.

ಆ ಲೆಕ್ಕದಲ್ಲಿ ಇಲ್ಲಿನ ದಿನನಿತ್ಯದ ಬದುಕಿಗೆ ಪೂರ್ಣ ಅಂಕ. ನನ್ನ ಮನೆ ಚಿಕ್ಕದಾದರೂ ಇಕ್ಕಟ್ಟೆನಿಸಿಲ್ಲ; ನೆಂಟರು ಬಂದರೆ ಸಾಮೂಹಿಕ ಮನೆಯಲ್ಲಿ ಅತಿಥಿ ಕೋಣೆಯಿದೆ. ಬಟ್ಟೆ ಒಗೆಯುವ ಯಂತ್ರ, ಏಣಿ, ಡ್ರಿಲ್ ಯಾವುದನ್ನೂ ನಾನು ಕೊಂಡಿಲ್ಲ. ಎಲ್ಲಕ್ಕಿಂತ ಮಿಗಿಲಾದದ್ದು ಪಾಳಿಯ ಮೇಲೆ ಬೇಯಿಸಿ ಒಟ್ಟಿಗೆ ಉಣ್ಣುವ ಸಂಜೆಯ ಊಟ. ನನ್ನ ಪಾಳಿಯ ದಿನ ಸ್ವಲ್ಪ ಮುಂಚೆಯೇ ಹೋಗಿ, ಹಲಗೆಯ ಮೇಲೆ ಯಾರು ಯಾರು ಹೆಸರು ಬರೆದಿದ್ದಾರೆ ಎಂದು ನೋಡಿ, ಅಳತೆ ಲೆಕ್ಕ ಹಾಕುತ್ತೇನೆ. ಪಾಳಿಯ ಜೊತೆಗಾರರು ತರಕಾರಿ ಹೆಚ್ಚಲು ಕೂರುತ್ತಾರೆ. ಪಾಳಿಯಿಲ್ಲದಿದ್ದರೂ ಒಬ್ಬ ಅಜ್ಜಿ ಬಂದು ತಟ್ಟೆಗಳನ್ನು ಒರೆಸಿ ಜೋಡಿಸುತ್ತಾರೆ; ಬೇಡವೆಂದರೆ ಅವರಿಗೆ ಬೇಸರ. ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸಲು ಇಬ್ಬರು ಬೇಕು. ಹೀಗೆ ಒಂದು ಸಂಜೆ ದುಡಿದರೆ ಉಳಿದ ಸಾಮೂಹಿಕ ಊಟದ ದಿನಗಳಲ್ಲಿ ಕೆಲಸದಿಂದ ಬಂದು ಕೈತೊಳೆದು ಎಲೆಯ ಮುಂದೆ ಕುಳಿತರಾಯಿತು. ನಾನು ತಡವಾಗಿ ಬಂದ ದಿನ ಮಗಳು ಪಕ್ಕದ ಮನೆಯಲ್ಲಿ ಪಾಠ ಓದಿಕೊಂಡಿರುತ್ತಾಳೆ. ಅದಕ್ಕೆ ಹಣ ತೆರಬೇಕಾಗಿದ್ದರೆ ನನ್ನ ಕೈಲಾಗುತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ ಪೂರ್ತಿ ಐದು ನಕ್ಷತ್ರ ಕೊಡಲಾರೆ.

ಕಳೆದ ಬಾರಿ ಕರಾರು ನವೀಕರಿಸುವಾಗ ಮನೆಯ ಮಾಲೀಕರು ಬಾಡಿಗೆ ಏರಿಸಿದರು. ಕಾರಣ ಕೇಳಿದ್ದಕ್ಕೆ, ‘ಇಂಥ ನೆರೆಹೊರೆ ಬೇರೆಲ್ಲಿ ಸಿಗುತ್ತದೆ?’ ಎಂದರು. ಆ ಮಾತು ಇನ್ನೂ ಚುಚ್ಚುತ್ತದೆ. ಆ ನೆರೆಹೊರೆಯನ್ನು ಕಟ್ಟಿದ್ದು ಯಾರು? ಪಾಳಿಯಲ್ಲಿ ಅಡುಗೆ ಮಾಡಿದ, ಅಂಗಳ ಗುಡಿಸಿದ, ರಾತ್ರಿ ಸಭೆಗಳಲ್ಲಿ ಕುಳಿತ ಎಲ್ಲರೂ, ನಾನೂ ಸೇರಿ. ಎಲ್ಲರ ದುಡಿಮೆಯಿಂದ ಮನೆಯ ಬೆಲೆ ಏರುತ್ತದೆ, ಏರಿದ ಬೆಲೆ ಮಾಲೀಕತ್ವ ಇದ್ದವರ ಕೈಗೆ ಹೋಗುತ್ತದೆ, ಬಾಡಿಗೆದಾರರು ತಮ್ಮದೇ ಬೆವರಿಗೆ ಹೆಚ್ಚು ಬಾಡಿಗೆ ತೆರುತ್ತಾರೆ. ಇದು ಅನ್ಯಾಯ. ಇದರ ಮೇಲೆ ಮಾಸಿಕ ನಿರ್ವಹಣಾ ಶುಲ್ಕ ದೊಡ್ಡ ಮನೆಗೂ ಚಿಕ್ಕ ಮನೆಗೂ ಒಂದೇ ಆಗಿತ್ತು. ಛಾವಣಿ ದುರಸ್ತಿಗೆಂದು ವಿಶೇಷ ವಂತಿಗೆ ಎತ್ತಿದಾಗಲೂ ಸಮಪಾಲು ಎಂದರು. ಉಳಿತಾಯವಿಲ್ಲದ ಒಂದು ಕುಟುಂಬ ಆಗಲೇ ಬಿಟ್ಟು ಹೋಯಿತು.

ಗುಂಪು ಕಟ್ಟಿಕೊಂಡು ಇಂಥ ಸಮುದಾಯದಲ್ಲಿ ಸ್ವಂತ ಮನೆ ಮಾಡಿಕೊಳ್ಳಲು ಹೊರಟವರ ಪಾಡು ಇನ್ನೂ ಕಷ್ಟ. ಬ್ಯಾಂಕಿನ ಸಾಲ ಮಂಜೂರಾಗುವ ಮೊದಲೇ ಜಾಗಕ್ಕೆ ಮುಂಗಡ, ವಾಸ್ತುಶಿಲ್ಪಿಗೆ ಸಂಭಾವನೆ, ವಕೀಲರ ಖರ್ಚು ಎಂದು ಗುಂಪಿನ ಸದಸ್ಯರೇ ಕೈಯಿಂದ ಹಾಕಬೇಕು. ಯೋಜನೆ ಬಿದ್ದರೆ ಆ ಹಣವೂ ಹೋದಂತೆಯೇ. ವರ್ಷಗಟ್ಟಲೆ ಸಭೆಗಳಿಗೆ ಸಮಯವೂ ಬೇಕು. ಎರಡು ಕಡೆ ದುಡಿಯುವವರು, ಶಿಫ್ಟ್ ಕೆಲಸದವರು ಅಲ್ಲಿಯೇ ಸೋಸಿಹೋಗುತ್ತಾರೆ.

ಇದು ಈ ಪದ್ಧತಿಯ ಹಣೆಬರಹವೇನೂ ಅಲ್ಲ. ಡೆನ್ಮಾರ್ಕ್‌ನಲ್ಲಿ 1972ರಲ್ಲಿ ಸ್ವಂತ ಮನೆಗಳ ಸಮುದಾಯವಾಗಿ ಸೆಟ್ಟೆಡಾಮೆನ್ ಆರಂಭವಾಯಿತು. ಅದೇ ದಶಕ ಮುಗಿಯುವುದರೊಳಗೆ ಟಿಂಗೋರ್ಡನ್‌ನಲ್ಲಿ ಬಾಡಿಗೆದಾರರಿಗಾಗಿಯೇ ಅಂಥದ್ದನ್ನು ಕಟ್ಟಿದರು. ಲಂಡನ್ನಿನಲ್ಲಿ ಹಿರಿಯ ಮಹಿಳೆಯರು ಕಟ್ಟಿಕೊಂಡ ನ್ಯೂ ಗ್ರೌಂಡ್‌ನ 25 ಮನೆಗಳಲ್ಲಿ 8 ಸಾಮಾಜಿಕ ಬಾಡಿಗೆಯವು, ಅಂದರೆ ಕಡಿಮೆ ಆದಾಯದವರಿಗೆ ಅಗ್ಗದ ಬಾಡಿಗೆಗೆ ಕೊಡುವಂಥವು. ಆದರೆ ಆ ಗುಂಪು 1998ರಿಂದ 2016ರವರೆಗೆ ಕಾಯಬೇಕಾಯಿತು. ನನಗೆ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನ ಲೀಡ್ಸ್ ನಗರದ ಲಿಲಾಕ್. 20 ಮನೆಗಳ ಆ ಸಮುದಾಯದಲ್ಲಿ ಮನೆಗಳು ಸಂಘದ ಒಡೆತನದಲ್ಲಿವೆ, ಸದಸ್ಯರು ನಿವ್ವಳ ಆದಾಯದ ಶೇ. 35ರಷ್ಟನ್ನು ಕಟ್ಟುತ್ತಾರೆ. ಬಿಟ್ಟು ಹೋಗುವಾಗ ಸಿಗುವ ಪಾಲನ್ನು ಮನೆಗಳ ಮಾರುಕಟ್ಟೆ ದರಕ್ಕಲ್ಲ, ಜನರ ಗಳಿಕೆಯ ಏರಿಕೆಗೆ ಕಟ್ಟಿಹಾಕಿದ್ದಾರೆ. ಒಟ್ಟಾಗಿ ಕಟ್ಟಿದ ಬದುಕನ್ನು ಒಬ್ಬರೇ ಲಾಭಕ್ಕೆ ಮಾರಿಕೊಳ್ಳದಂತೆ ತಡೆಯುವ ಬೀಗ ಅದು. ನಮ್ಮಲ್ಲಿ ಇಲ್ಲದಿರುವುದೇ ಆ ಬೀಗ. ಮೊದಲು ಕಡಿಮೆ ಬೆಲೆಗೆ ಕೊಟ್ಟ ಮನೆಯೂ ಒಮ್ಮೆ ಮರುಮಾರಾಟವಾದರೆ ಸಾಮಾನ್ಯರ ಕೈಗೆಟುಕುವುದಿಲ್ಲ.

ಸೇರಬೇಕೆಂದಿರುವವರು ಉದ್ಯಾನ, ಗ್ರಂಥಾಲಯ ನೋಡುವ ಮುನ್ನ ಒಡಂಬಡಿಕೆ ಪತ್ರ ಕೇಳಿ ಓದಿ. ಮರುಮಾರಾಟದ ಬೆಲೆಗೆ ಮಿತಿ ಇದೆಯೇ, ಶುಲ್ಕವನ್ನು ಯಾವ ಆಧಾರದ ಮೇಲೆ ನಿಗದಿ ಮಾಡುತ್ತಾರೆ, ದುರಸ್ತಿಗೆ ಮೀಸಲು ನಿಧಿ ಇದೆಯೇ, ಬಾಡಿಗೆದಾರರಿಗೆ ಬಜೆಟ್ ಸಭೆಯಲ್ಲಿ ಮತವಿದೆಯೇ ಎಂದು ವಿಚಾರಿಸಿ. ಕೊನೆಯದು ನಮ್ಮಲ್ಲಿ ಇರಲಿಲ್ಲ. ಪಟ್ಟು ಹಿಡಿದು ಪಡೆದೆವು. ಮನೆಯ ವಿಸ್ತೀರ್ಣಕ್ಕೆ ತಕ್ಕ ಶುಲ್ಕ ಎಂಬ ನಿರ್ಣಯವೂ ಸುದೀರ್ಘ ವಾದದ ನಂತರ ಅಂಗೀಕಾರವಾಯಿತು. ಆದಾಯಕ್ಕೆ ತಕ್ಕ ಶುಲ್ಕ ಎಂಬ ನನ್ನ ಪ್ರಸ್ತಾವ ಮುಂದಿನ ವಾರ್ಷಿಕ ಸಭೆಗೆ ಹೋಗಿದೆ. ಸದ್ಯಕ್ಕೆ ಮೂರು ನಕ್ಷತ್ರ. ಅದು ಅಂಗೀಕಾರವಾದ ದಿನ ನಾಲ್ಕಕ್ಕೆ ತಿದ್ದುತ್ತೇನೆ.