ಹಳೆಯ ಹೊಲಿಗೆ ಯಂತ್ರದ ಕಪ್ಪು ಮೈ ಒರೆಸಲು ಯಾವುದು: ಎಣ್ಣೆಯೋ, ಸೋಪುನೀರೋ, ಸೀಮೆಎಣ್ಣೆಯೋ, ಸ್ಪಿರಿಟ್ಟೋ?

ಹಳೆಯ ಹೊಲಿಗೆ ಯಂತ್ರಗಳ ಕಪ್ಪು ಬಣ್ಣ ಒಲೆಯಲ್ಲಿ ಬೇಯಿಸಿದ್ದು, ಗಟ್ಟಿಮುಟ್ಟು. ಅದರ ಮೇಲಿನ ಚಿನ್ನದ ಬಳ್ಳಿಯ ಡೆಕಾಲ್ (ಅಂಟುಚಿತ್ರ), ಅದನ್ನು ಮುಚ್ಚಿದ ತೆಳು ವಾರ್ನಿಷ್ ಮಾತ್ರ ಬಲು ನಾಜೂಕು. ಅನೇಕ ಯಂತ್ರಗಳಲ್ಲಿ ಆ ವಾರ್ನಿಷ್ ಅರಗಿನದು, ಅಂದರೆ ಶೆಲ್ಯಾಕ್. ಯಾವ ದ್ರವ ಹಚ್ಚಬೇಕೆಂಬುದು ಇದರ ಮೇಲೇ ನಿಂತಿದೆ. ನಾಲ್ಕನ್ನೂ ಯಂತ್ರದ ಚಪ್ಪಟೆ ತಳವಾದ ಬೆಡ್‌ನ ಹಿಂಬದಿಯಲ್ಲಿ, ಡೆಕಾಲ್ ಇಲ್ಲದ ಕಡೆ, ಒಂದೊಂದು ಇಂಚಿನ ಜಾಗದಲ್ಲಿ ಹತ್ತಿ ಕಡ್ಡಿಯಿಂದ ಹಚ್ಚಿ ನೋಡಿದ್ದು.

ಸ್ಪಿರಿಟ್ ಮೊದಲೇ ಹೊರಗೆ. ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ: ಕಡ್ಡಿ ಅಂಟಂಟಾಗುತ್ತದೆ, ಹೊಳಪು ಮಂಕಾಗುತ್ತದೆ, ಬೆರಳಿಟ್ಟರೆ ಗುರುತು ಉಳಿಯುತ್ತದೆ. ಸ್ಯಾನಿಟೈಸರ್, ಥಿನ್ನರ್, ಅಸಿಟೋನ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಯಾವುದೂ ಬೇಡ.

ಸೋಪುನೀರು ಧೂಳಿಗೆ ಸಾಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ಸೋಪು ಎರಡೇ ಹನಿ; ಬಟ್ಟೆಯನ್ನು ಚೆನ್ನಾಗಿ ಹಿಂಡಿ, ಒರೆಸಿದ ಕೂಡಲೇ ಒಣಬಟ್ಟೆ ಆಡಿಸಬೇಕು. ಗಟ್ಟಿಯಾದ ಹಳೆ ಎಣ್ಣೆ ಇದಕ್ಕೆ ಜಗ್ಗುವುದಿಲ್ಲ. ನೀರು ನಿಂತರೆ ಅರಗು ಬೆಳ್ಳಗಾಗುತ್ತದೆ. ಬಣ್ಣದ ಬಿರುಕಿಗೆ ಇಳಿದರೆ ಒಳಗೆ ತುಕ್ಕು ಹಿಡಿದು ಬಣ್ಣವೇ ಎದ್ದುಬರುತ್ತದೆ.

ಸೀಮೆಎಣ್ಣೆ ಕಂದು ಜಿಡ್ಡನ್ನು ಬೇಗ ಬಿಡಿಸುತ್ತದೆ, ಆದರೆ ಮೇಲ್ಮೈ ಒಣಗಿದಂತೆ ಕಾಣುತ್ತದೆ, ಮತ್ತೆ ಎಣ್ಣೆ ಒರೆಸಲೇಬೇಕು. ಬಣ್ಣವಿಲ್ಲದ ಉಕ್ಕಿನ ಭಾಗಗಳಿಗೆ ಇದೇ ಒಳ್ಳೆಯದು. ಡೆಕಾಲ್ ಹತ್ತಿರ ಬೇಡ. ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ.

ಗೆದ್ದದ್ದು ಹೊಲಿಗೆ ಯಂತ್ರದ ಎಣ್ಣೆಯೇ, ನಿಧಾನವಾದರೂ. ತೆಳುವಾಗಿ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಳೆಯ ಬನಿಯನ್ ಬಟ್ಟೆಯಿಂದ ಹಗುರಾಗಿ ಒರೆಸಿ. ಒಂದೇ ಸಲಕ್ಕೆ ಹೋಗದು, ಮೂರು ನಾಲ್ಕು ರಾತ್ರಿ ಬೇಕಾಗಬಹುದು. ಅವಸರಪಟ್ಟು ಉಜ್ಜಿದರೆ ಎಣ್ಣೆಯೂ ಕಾಪಾಡದು. ಬಟ್ಟೆಯ ಬಣ್ಣದ ಮೇಲೆ ಕಣ್ಣಿರಲಿ: ಕಂದು ಬಂದರೆ ಹಳೆ ಜಿಡ್ಡು, ಮುಂದುವರಿಸಿ. ಅಚ್ಚ ಕಪ್ಪು ಬಂದರೆ ಬಣ್ಣ ಬರುತ್ತಿರಬಹುದು. ಚಿನ್ನದ ಪುಡಿ ಮಿನುಗಿದರೆ, ಇಲ್ಲವೇ ಬಳ್ಳಿ ಬೆಳ್ಳಿಯಂತಾದರೆ, ಮೇಲಿನ ವಾರ್ನಿಷ್ ಆಗಲೇ ಸವೆದಿದೆ, ಆ ಜಾಗ ಬಿಟ್ಟುಬಿಡಿ.

ಲೋಹ ಪಾಲಿಶ್, ಸ್ಟೀಲ್ ಉಣ್ಣೆ ಬಣ್ಣದ ಮೇಲೆ ಸಲ್ಲದು. ಎರಡೂ ಕೆರೆಯುವ ಸಾಮಾನು. ಎಣ್ಣೆ ಪೂರ್ತಿ ಒರೆಸಿದ ಮೇಲೆ, ಬಿರುಕಿಲ್ಲದ ಕಡೆ ಮಾತ್ರ ತೆಳು ಮೇಣ ಹಚ್ಚಬಹುದು. ಬಿರುಕಿನಲ್ಲಿ ಬೆಳ್ಳಗೆ ಒಣಗಿ ಕೂತ ಮೇಣವನ್ನು ತೆಗೆಯುವುದು ಜಿಡ್ಡು ತೆಗೆಯುವುದಕ್ಕಿಂತ ಕಷ್ಟ.