52 ಕಂತಿನ ‘ಕಾಂಡರ್ ಹೀರೋಸ್’: ದಡ್ಡ ಶಿಷ್ಯನಿಗೇ ನನ್ನ ಓಟು

ಚೀನಾದ ಕತ್ತಿವರಸೆ ಸೀರಿಯಲ್‌ಗಳಲ್ಲಿ ಮೊದಲು ಯಾವುದನ್ನು ನೋಡಬೇಕು ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ: 2017ರಲ್ಲಿ ಬಂದ ‘ದಿ ಲೆಜೆಂಡ್ ಆಫ್ ದಿ ಕಾಂಡರ್ ಹೀರೋಸ್’. 52 ಕಂತು, ಒಂದೊಂದೂ ಸುಮಾರು ಮುಕ್ಕಾಲು ಗಂಟೆ. ಇಷ್ಟುದ್ದವಾ ಅಂತ ಹೆದರಬೇಡಿ. ಈ ಕಥೆಗೆ ಅಷ್ಟು ಉದ್ದ ಬೇಕೇ ಬೇಕು.

ನಾನು ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವ ರೈಟರು. ಮಳೆ ಹಿಡಿದರೆ ಸಂಜೆ ಮೇಲೆ ಇಲ್ಲಿ ಮಾಡಲು ಏನೂ ಇರುವುದಿಲ್ಲ. ನೆಟ್‌ವರ್ಕ್ ಸಿಗುವುದು ಸ್ಟೋರಿನ ಮೂಲೆಯಲ್ಲಿ ಮಾತ್ರ, ಅದೂ ಅದಕ್ಕೆ ಮನಸ್ಸಿದ್ದರೆ. ಹಾಗಾಗಿ ಭಾನುವಾರ ಸಾಮಾನಿಗೆ ಚಿಕ್ಕಮಗಳೂರಿಗೆ ಹೋದಾಗ ವಾರಕ್ಕಾಗುವಷ್ಟು ಕಂತು ಯೂಟ್ಯೂಬ್‌ನಿಂದ ಫೋನಿಗೆ ಇಳಿಸಿಕೊಂಡು ಬರುತ್ತೇನೆ. ಸಬ್‌ಟೈಟಲ್ ಇಂಗ್ಲಿಷಿನದು. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ಅಮ್ಮ ಕೊಪ್ಪದ ಕಡೆಯವರು, ರಾತ್ರಿಯಿಡೀ ಕೂತು ಮೇಳದ ಆಟ ನೋಡಿ ಬೆಳೆದವರು. ಒಂದು ಸಾಲು ನುಂಗಿದರೂ ಗೊತ್ತಾಗಿಬಿಡುತ್ತದೆ. ‘ಅವನು ಅಷ್ಟೊತ್ತು ಮಾತಾಡಿದ, ನೀನು ಇಷ್ಟೇ ಹೇಳ್ತೀಯಲ್ಲ’ ಅನ್ನುತ್ತಾರೆ.

ಕಥೆ ಬರೆದವರು ಜಿನ್ ಯೋಂಗ್. ಹಾಂಗ್‌ಕಾಂಗ್‌ನ ಪತ್ರಕರ್ತ, 1924ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡರು. 1955ರಿಂದ 1972ರವರೆಗೆ 15 ಕಥೆ ಬರೆದು ನಿಲ್ಲಿಸಿದರು. ಈ ಕಾದಂಬರಿ 1957ರಿಂದ 1959ರವರೆಗೆ ಅಲ್ಲಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದದ್ದು. ನಾಳೆಯ ಪೇಪರನ್ನೂ ಜನ ಕೊಳ್ಳಬೇಕಲ್ಲ, ಹಾಗಾಗಿ ಎಲ್ಲಾದರೂ ಒಂದು ಗಂಟು ಹಾಕಿಯೇ ನಿಲ್ಲಿಸುತ್ತಿದ್ದರು. ಅದೇ ಗುಣ ಸೀರಿಯಲ್ಲಿಗೂ ಬಂದಿದೆ. ‘ಇನ್ನೊಂದೇ ನೋಡಿ ಮಲಗೋಣ’ ಅನ್ನುವ ಮಾತು ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ನಿಜವಾಗಲಿಲ್ಲ.

ಕಥೆಯ ಬುಡ ಹೀಗಿದೆ. 1127ರಲ್ಲಿ ಉತ್ತರದ ಜಿನ್ ರಾಜ್ಯದ ಪಡೆಯವರು ಚೀನಾದ ಸೋಂಗ್ ದೊರೆಗಳ ರಾಜಧಾನಿ ಕೈಫೆಂಗ್ ಹಿಡಿದು, ಅಪ್ಪ ಮಗ ಇಬ್ಬರು ದೊರೆಗಳನ್ನೂ ಸೆರೆ ಒಯ್ದಿದ್ದರು. ಅದು ಚರಿತ್ರೆ. ಅದಾಗಿ ಎಷ್ಟೋ ಕಾಲದ ಮೇಲೆ ತೆಂಕಣದ ಒಂದು ಹಳ್ಳಿಯಲ್ಲಿ ಇಬ್ಬರು ಗೆಳೆಯರು. ಇಬ್ಬರ ಹೆಂಡಂದಿರೂ ಬಸುರಿ. ಗಂಡು ಹುಟ್ಟಿದರೆ ಅಣ್ಣತಮ್ಮ, ಒಂದು ಗಂಡು ಒಂದು ಹೆಣ್ಣಾದರೆ ಗಂಡ ಹೆಂಡತಿ ಅಂತ ಮಾತಾಗುತ್ತದೆ. ದಾರಿಯಲ್ಲಿ ಬಂದ ಚ್ಯೂ ಚೂಜಿ ಅನ್ನುವ ಸನ್ಯಾಸಿ, ಆ ಹಳೆಯ ಅವಮಾನ ಮರೆಯಬಾರದು ಅಂತ, ಅದು ನಡೆದ ಜಿಂಗ್‌ಕಾಂಗ್ ಅನ್ನುವ ಕಾಲದ ಹೆಸರನ್ನೇ ಎರಡು ಮಾಡಿ ಮಕ್ಕಳಿಗೆ ಗುವೋ ಜಿಂಗ್, ಯಾಂಗ್ ಕಾಂಗ್ ಅಂತ ಹೆಸರಿಡುತ್ತಾನೆ. ಆಮೇಲೆ ಒಂದು ರಾತ್ರಿ ಸೈನಿಕರು ಬಂದು ಎರಡೂ ಮನೆ ಒಡೆದುಹೋಗುತ್ತದೆ. ಒಂದು ಮಗು, ಗುವೋ ಜಿಂಗ್, ಮಂಗೋಲಿಯಾದ ಹುಲ್ಲುಗಾವಲಿನಲ್ಲಿ, ಚೆಂಗೀಸ್ ಖಾನನ ಪಾಳೆಯದಲ್ಲಿ ಬೆಳೆಯುತ್ತದೆ. ಇನ್ನೊಂದು, ಯಾಂಗ್ ಕಾಂಗ್, ಜಿನ್ ಅರಮನೆಯಲ್ಲಿ, ಶತ್ರುವಿನ ಮಗನಾಗಿ.

ಇಲ್ಲಿಂದ ಮುಂದೆ ಕಥೆಯನ್ನು ಎಳೆಯುವುದು ಕತ್ತಿ ಅಲ್ಲ, ಕೊಟ್ಟ ಮಾತು. ಚ್ಯೂ ಚೂಜಿಗೂ ತೆಂಕಣದ ಜಿಯಾಂಗ್‌ನಾನ್ ಸೀಮೆಯ ಏಳು ಜನ ಕಿತಾಪತಿ ವೀರರಿಗೂ ಜಗಳ. ಅದು ಪಂತಕ್ಕೆ ತಿರುಗುತ್ತದೆ: ನಾನು ಆ ಮಗುವನ್ನು ಹುಡುಕಿ ಕಲಿಸುತ್ತೇನೆ, ನೀವು ಈ ಮಗುವನ್ನು ಹುಡುಕಿ ಕಲಿಸಿ, 18 ವರ್ಷ ಆದ ಮೇಲೆ ಇಬ್ಬರನ್ನೂ ಹೋರಾಡಲು ಬಿಡೋಣ. ಯಾರ ಹೊಟ್ಟೆಯ ಮಕ್ಕಳೂ ಅಲ್ಲ, ಕಾಸಿನ ಲಾಭವೂ ಇಲ್ಲ. ಆ ಏಳು ಜನ ಆರು ವರ್ಷ ಮರಳುಗಾಡು ಸುತ್ತಿ ಹುಡುಗನನ್ನು ಹುಡುಕುತ್ತಾರೆ. ಸಿಕ್ಕ ಹೊತ್ತಿನಲ್ಲೇ ತಮ್ಮಲ್ಲೊಬ್ಬನನ್ನು ಕಳೆದುಕೊಳ್ಳುತ್ತಾರೆ. ಸಿಕ್ಕ ಹುಡುಗನೋ, ನಾಲ್ಕು ವರ್ಷದವರೆಗೆ ಮಾತೇ ಆಡದವನು. ಒಂದು ವರಸೆ ಹೇಳಿಕೊಟ್ಟರೆ ಅದು ತಲೆಗೆ ಹೋಗುವಷ್ಟರಲ್ಲಿ ಗುರುಗಳಿಗೇ ಸಾಕಾಗಿರುತ್ತದೆ. ಇನ್ನೂ ತಮಾಷೆ ಅಂದರೆ ಒಬ್ಬೊಬ್ಬರೂ ಅವರವರ ವಿದ್ಯೆ ತುರುಕುತ್ತಾರೆ, ಹುಡುಗನಿಗೆ ಒಂದೂ ಹತ್ತಲ್ಲ. ರಾತ್ರಿ ಗುಟ್ಟಾಗಿ ಬರುವ ಮಾ ಯೂ ಅನ್ನುವ ಇನ್ನೊಬ್ಬ ಸನ್ಯಾಸಿ ವರಸೆಯ ಸುದ್ದಿಯನ್ನೇ ಎತ್ತಲ್ಲ. ಉಸಿರಾಡುವುದು ಹೇಗೆ, ಮಲಗುವುದು ಹೇಗೆ ಅಂತ ಕಲಿಸುತ್ತಾನೆ. ಹುಡುಗ ದಾರಿಗೆ ಬರುವುದು ಆಮೇಲೆ.

ಎರಡೂವರೆ ಗಂಟೆಯ ಸಿನಿಮಾದಲ್ಲಿ ಇದನ್ನು ತೋರಿಸಲು ಆಗಲ್ಲ. ದಡ್ಡ ಹುಡುಗ ಒಂದು ಹಾಡು ಮುಗಿಯುವಷ್ಟರಲ್ಲಿ ಶೂರ ಆಗಿಬಿಡುತ್ತಾನೆ. ಇಲ್ಲಿ ಅವನು ನಿಧಾನಕ್ಕೆ ಕಲಿಯುವುದನ್ನು ನಾವೂ ನಿಧಾನಕ್ಕೇ ನೋಡಬೇಕು. ಮೊದಲ ಕಂತುಗಳಲ್ಲಿ ಬೋರಾಯಿತು ಅಂತ ಬಿಟ್ಟವರು ನನಗೆ ಗೊತ್ತು. ಅವರು ಬಿಟ್ಟದ್ದು ಊಟಕ್ಕೆ ಎಲೆ ಹಾಕಿದ ಹೊತ್ತಿಗೆ ಎದ್ದುಹೋದ ಹಾಗೆ.

ಊಟ ಅಂದ ಮೇಲೆ ಹೋಂಗ್ ಚೀಗೋಂಗ್ ವಿಷಯಕ್ಕೆ ಬರಲೇಬೇಕು. ಭಿಕ್ಷುಕರ ಸಂಘದ ಯಜಮಾನ, ದೇಶದ ಐದು ಮಹಾ ಗುರುಗಳಲ್ಲಿ ಒಬ್ಬ, ಕೈಯಲ್ಲಿ ಒಂದು ಬೆರಳಿಲ್ಲ. ತಿಂಡಿಪೋತತನದಿಂದ ಒಂದು ದೊಡ್ಡ ಕೆಲಸ ಕೆಟ್ಟಿತು ಅಂತ ಸಿಟ್ಟಿನಲ್ಲಿ ತಾನೇ ಕಡಿದುಕೊಂಡದ್ದು. ಆದರೂ ಬಾಯಿ ಚಪಲ ಬಿಟ್ಟಿಲ್ಲ. ನಾಯಕಿ ಹುವಾಂಗ್ ರೋಂಗ್ ಕೋಳಿಗೆ ಕೆಸರು ಮೆತ್ತಿ ಬೆಂಕಿಯಲ್ಲಿ ಸುಡುತ್ತಾಳೆ. ಒಣಗಿದ ಮಣ್ಣು ಒಡೆದು ತೆಗೆದರೆ ಪುಕ್ಕವೂ ಅದರ ಜೊತೆಗೇ ಕಿತ್ತು ಬರುತ್ತದೆ. ಆ ವಾಸನೆಗೆ ಈ ಅಜ್ಜ ಪೊದೆಯಿಂದ ಎದ್ದು ಬರುತ್ತಾನೆ. ಅಮ್ಮ ಆವತ್ತಿನಿಂದ ಅವನನ್ನು ಕರೆಯುವುದು ಕೋಳಿ ಅಜ್ಜ ಅಂತಲೇ. ಮುಂದೆ ಹುವಾಂಗ್ ರೋಂಗ್ ದಿನಕ್ಕೊಂದು ಅಡುಗೆ ಮಾಡಿ, ಅದರ ಬದಲಿಗೆ ಗುವೋ ಜಿಂಗ್‌ಗೆ ವಿದ್ಯೆ ಕೊಡಿಸುತ್ತಾಳೆ. ಕಾದಂಬರಿಯಲ್ಲಿ ಒಂದು ಅಡುಗೆ ಇದೆ: ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆಗೆ 24 ತೂತು ಕೊರೆದು, ಸೋಯಾ ಗಿಣ್ಣನ್ನು 24 ಉಂಡೆ ಮಾಡಿ ಆ ತೂತಿಗೆ ತುಂಬಿ, ಹಬೆಯಲ್ಲಿ ಬೇಯಿಸುತ್ತಾಳೆ. ತಿನ್ನುವುದು ಉಂಡೆ ಮಾತ್ರ. ಮಾಂಸ ಎಸೆಯುವುದು! ಇದನ್ನು ಹೇಳಿದಾಗ ಅಮ್ಮ ಫೋನಿನ ಕಡೆ ನೋಡುವುದು ಬಿಟ್ಟು ನನ್ನ ಕಡೆ ನೋಡಿದರು. ‘ಎಸೀತಾಳಾ?’

ಅಜ್ಜ ಕಲಿಸುವ ಮೊದಲ ಹೊಡೆತ ನನಗೆ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟ. ಡ್ರಾಗನ್‌ಗಳನ್ನು ಬಗ್ಗಿಸುವ 18 ಅಂಗೈ ಹೊಡೆತಗಳಲ್ಲಿ ಒಂದು. ಎಡಗಾಲು ಸ್ವಲ್ಪ ಬಗ್ಗಿಸಿ, ಬಲಗೈಯನ್ನು ಸುತ್ತಿಸಿ ಮುಂದಕ್ಕೆ ತಳ್ಳುವುದು. ನೋಡಲು ಏನೂ ಇಲ್ಲ. ಅಜ್ಜ ತಳ್ಳಿದರೆ ಪೈನ್ ಮರ ಮುರಿದು ಬೀಳುತ್ತದೆ. ಗುವೋ ಜಿಂಗ್ ತಳ್ಳಿದರೆ ಮರ ಅಲ್ಲಾಡುತ್ತದೆ. ಅವನಿಗೆ ಖುಷಿ. ಅಜ್ಜ ಬೈಯುತ್ತಾನೆ: ಅಲ್ಲಾಡಿಸಿ ಏನು ಮಾಡ್ತೀಯ, ಅಳಿಲು ಹಿಡೀತೀಯಾ, ಕಾಯಿ ಉದುರಿಸ್ತೀಯಾ? ಆ ಹೊಡೆತದ ಗುಟ್ಟು ಹೊರಗೆ ಬಿಡುವ ಬಲದಲ್ಲಿ ಇಲ್ಲ. ಹತ್ತು ಪಾಲು ಬಿಟ್ಟರೆ ಇಪ್ಪತ್ತು ಪಾಲು ಒಳಗೇ ಉಳಿದಿರಬೇಕು. ಚುರುಕು ಹುಡುಗರಿಗೆ ಇದು ಬರಲ್ಲ, ಅವರಿಗೆ ಎಲ್ಲವನ್ನೂ ಒಮ್ಮೆಗೇ ತೋರಿಸಬೇಕು. ಹೊತ್ತುಗೊತ್ತಿಲ್ಲದೆ ಅದೇ ಮರಕ್ಕೆ ಹೊಡೆಯುತ್ತಾ ಕೂರುವ ಇವನಿಗೆ ಬರುತ್ತದೆ.

ನಟರ ವಿಷಯ. ಗುವೋ ಜಿಂಗ್ ಆಗಿ ಯಾಂಗ್ ಶುವೆನ್, ಹುವಾಂಗ್ ರೋಂಗ್ ಆಗಿ ಲೀ ಯಿತೋಂಗ್. ಇಬ್ಬರೂ ಆಗ ಹೊಸಬರು, ಅದೇ ಒಳ್ಳೆಯದಾಯಿತು. ಯಾಂಗ್ ಶುವೆನ್ ಮುಖದಲ್ಲಿ ‘ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಅನ್ನುವ ಪ್ರಾಮಾಣಿಕತೆ ಇದೆ. ಅದನ್ನು ನಟಿಸಲು ಹೋದರೆ ಪೆದ್ದುತನ ಆಗಿಬಿಡುತ್ತದೆ, ಇವನದ್ದು ಆಗಲ್ಲ. ಲೀ ಯಿತೋಂಗ್ ಮೊದಲು ಕಾಣುವುದು ಮುಖಕ್ಕೆ ಮಸಿ ಬಳಿದುಕೊಂಡ ಭಿಕ್ಷುಕ ಹುಡುಗನ ವೇಷದಲ್ಲಿ. ಹೋಟೆಲಿನಲ್ಲಿ ಬೇಕಂತಲೇ ದುಬಾರಿ ತಿಂಡಿಗಳನ್ನೆಲ್ಲ ಹೇಳಿ ಈ ಹಳ್ಳಿ ಗಮಾರನ ಜೇಬು ಪರೀಕ್ಷೆ ಮಾಡುತ್ತಾಳೆ. ಅವನು ಬಿಲ್ಲು ಕೊಟ್ಟು, ಚಳಿ ಅಂತ ತನ್ನ ತುಪ್ಪಳದ ಕೋಟೂ ಕೊಟ್ಟು, ಕೇಳಿದ ಕೂಡಲೇ ಕುದುರೆಯನ್ನೂ ಕೊಟ್ಟುಬಿಡುತ್ತಾನೆ. ಆ ಹುಡುಗಿ ಅಳುವುದು ಅಲ್ಲೇ. ಹೋಟೆಲಿನ ಆ ಭಾಗ ಮಾತ್ರ ಮತ್ತೆ ಮತ್ತೆ ಹಾಕಿಕೊಂಡು ನೋಡಿದ್ದೇನೆ.

ಅವಳ ಅಪ್ಪ ಹುವಾಂಗ್ ಯಾವ್‌ಶಿ ಪಾತ್ರ ಮಾಡಿದವರು ಮೈಕೇಲ್ ಮಿಯು. 1983ರ ಹಾಂಗ್‌ಕಾಂಗ್ ಸೀರಿಯಲ್ಲಿನಲ್ಲಿ ಇವರೇ ಯಾಂಗ್ ಕಾಂಗ್ ಆಗಿದ್ದರು. ಹಳೆಯದನ್ನು ನೋಡಿದವರಿಗೆ ಇವರು ತೆರೆಗೆ ಬಂದಾಗ ಒಂದು ಮಜಾ ಇರುತ್ತದೆ. ಕುರುಡಿ ಮೇ ಚಾವ್‌ಫೆಂಗ್ ಪಾತ್ರದ ಮೀ ಲೂ ಮಾತ್ರ ಎಲ್ಲರನ್ನೂ ಪಕ್ಕಕ್ಕೆ ತಳ್ಳುತ್ತಾರೆ. ತಲೆಬುರುಡೆಗೆ ಉಗುರು ಇಳಿಸುವ ಹೆಂಗಸು, ಅವಳಿಗಾಗಿ ಅಯ್ಯೋ ಅನ್ನಿಸುತ್ತದೆ ಅಂದರೆ ನೋಡಿ.

ಯಾಂಗ್ ಕಾಂಗ್‌ನನ್ನು ನೋಡಿದರೆ ನಮ್ಮವರಿಗೆ ಕರ್ಣ ನೆನಪಾಗದೇ ಇರಲ್ಲ. ಹೆತ್ತವರೊಂದು ಕಡೆ, ಸಾಕಿದವರೊಂದು ಕಡೆ. ಆದರೆ ಅಮ್ಮ ಒಪ್ಪಲಿಲ್ಲ. ಕರ್ಣನಿಗೆ ಉಪ್ಪಿನ ಋಣ ಇತ್ತು, ಇವನಿಗೆ ಅರಮನೆ ಬಿಡೋಕಾಗಲಿಲ್ಲ, ಅಷ್ಟೇ ಅಂದರು. ಹೆತ್ತಪ್ಪ ಹರಕು ಬಟ್ಟೆಯಲ್ಲಿ ಎದುರು ನಿಂತಾಗ ಅವನು ನೋಡುವ ನೋಟ ಇದೆಯಲ್ಲ, ಅದರ ಮೇಲೆ ಅಮ್ಮನಿಗೆ ಅವನ ಹೆಸರು ಹೇಳಿದರೂ ಆಗಲ್ಲ. ಚೆನ್ ಶಿಂಗ್‌ಶು ಅಷ್ಟು ಚೆನ್ನಾಗಿ ಮಾಡಿದ್ದಾನೆ. ನನ್ನ ದೂರು ಬೇರೆ. ಅವನ ಪ್ರೇಮದ ಗೋಳಿಗೆ ಸೀರಿಯಲ್ ಜಾಸ್ತಿಯೇ ಜಾಗ ಕೊಟ್ಟಿದೆ.

ಕೊರತೆಗಳೂ ಇವೆ. ಹೆಸರಿನಲ್ಲಿರುವ ಕಾಂಡರ್, ಅಂದರೆ ಹದ್ದುಗಳು, ಕಂಪ್ಯೂಟರಿನವು, ಪಕ್ಕಾ ಗೊತ್ತಾಗುತ್ತದೆ. ಹೊಡೆದಾಟದಲ್ಲಿ ಸುಮ್ನೆ ಸ್ಲೋ ಮೋಷನ್. ಒಳ್ಳೆ ವರಸೆ ನಡೆಯುತ್ತಿರುವಾಗ ಕೂದಲು ಹಾರುವುದನ್ನು ಯಾಕೆ ನೋಡಬೇಕು? ಮರಳುಗಾಡಿನಿಂದ ಬಂದವರ ಬಟ್ಟೆಯಲ್ಲೂ ಒಂದು ಕಲೆ ಇಲ್ಲ. ಪಶ್ಚಿಮದ ವಿಷಗುರು ಓಯಾಂಗ್ ಫೆಂಗ್ ಕಪ್ಪೆಯಂತೆ ಕುಕ್ಕರುಗಾಲಲ್ಲಿ ಕೂತು ಗುಟುರು ಹಾಕುವ ವರಸೆಗೆ ನಾವಂತೂ ನಕ್ಕೆವು. ಹೊರಗೆ ತೋಟದಲ್ಲಿ ನಿಜವಾದ ಕಪ್ಪೆಗಳು ಅದಕ್ಕಿಂತ ಜೋರಾಗಿ ಕೂಗುತ್ತಿದ್ದವು. ಕಾದಂಬರಿಯಲ್ಲಿ ಅದು ಭಯ ಹುಟ್ಟಿಸುತ್ತದೆ. ತೆರೆ ಮೇಲೆ ಅದನ್ನು ನಗು ಬರದ ಹಾಗೆ ಮಾಡುವುದು ಕಷ್ಟವೇ ಬಿಡಿ.

ಇನ್ನೊಂದು ಎಚ್ಚರಿಕೆ. ಗುವೋ ಜಿಂಗ್ ಚೆಂಗೀಸ್ ಖಾನನ ಮಗಳನ್ನು ಮದುವೆಯಾಗುತ್ತೇನೆ ಅಂತ ಮೊದಲೇ ಒಪ್ಪಿರುತ್ತಾನೆ. ಪ್ರೀತಿ ಹುವಾಂಗ್ ರೋಂಗ್ ಮೇಲೆ, ಮಾತು ಅಲ್ಲಿ. ಕೊಟ್ಟ ಮಾತು ತಪ್ಪಲಾರೆ ಅಂತ ಅವನು ನಿಲ್ಲುವಾಗ ಫೋನ್ ಎಸೆಯಬೇಕು ಅನ್ನಿಸುತ್ತದೆ. ಎಸೆಯಬೇಡಿ. ಅವನಿಗೆ ಕಲಿಸಲು ಏಳು ಜನ ಜೀವ ತೇಯ್ದದ್ದೂ ಒಂದು ಮಾತಿಗಾಗಿಯೇ ಅಲ್ವಾ? ಆ ಮಡಿಲಲ್ಲಿ ಬೆಳೆದವನು ಬೇರೆ ಥರ ಇರಲು ಹೇಗೆ ಸಾಧ್ಯ?

ಇದೇ ಕಥೆಯ ಬೇರೆ ಸೀರಿಯಲ್‌ಗಳೂ ಇವೆ. 1983ರದ್ದು 59 ಕಂತು, ಮುಕ್ಕಾಲು ಭಾಗ ಸ್ಟುಡಿಯೋದ ಬೆಟ್ಟ, ಸ್ಟುಡಿಯೋದ ಕಾಡು. ಆದರೂ ಬಾರ್ಬರಾ ಯಂಗ್‌ಗಾಗಿ ಅದನ್ನು ನೋಡಬೇಕು. ಆ ತುಂಟ ಕಣ್ಣಿನ ಹುವಾಂಗ್ ರೋಂಗ್ ಮತ್ತೆ ಬರಲಿಲ್ಲ. ಪಾಪ, 1985ರಲ್ಲಿ 26ನೇ ವಯಸ್ಸಿಗೇ ಹೋಗಿಬಿಟ್ಟರು. 2003ರದ್ದು 42 ಕಂತು, ಹುವಾಂಗ್ ರೋಂಗ್ ಆದ ಜೋ ಶುನ್ ಅವರ ಗೊಗ್ಗರು ದನಿ ನನಗೆ ಹಿಡಿಸಿತು, ನಾಯಕ ಹಿಡಿಸಲಿಲ್ಲ.

ಜಿನ್ ಯೋಂಗ್ ರುಚಿ ಹತ್ತಿದ ಮೇಲೆ ಮುಂದೇನು ಅಂದರೆ, 2003ರದ್ದೇ ಇನ್ನೊಂದು, ‘ಡೆಮಿ-ಗಾಡ್ಸ್ ಅಂಡ್ ಸೆಮಿ-ಡೆವಿಲ್ಸ್’. 40 ಕಂತು. ಯಕ್ಷ, ಗಂಧರ್ವ, ಕಿನ್ನರ, ಗರುಡ ಅಂತ ಬೌದ್ಧ ಗ್ರಂಥಗಳ ಎಂಟು ಬಗೆಯ ಜೀವಿಗಳ ಹೆಸರೇ ಆ ಕಾದಂಬರಿಗೆ. ಅದರಲ್ಲಿ ಹು ಜುನ್ ಮಾಡಿದ ಚ್ಯಾವ್ ಫೆಂಗ್ ಪಾತ್ರ ನೋಡಿ. ನಿನ್ನೆವರೆಗೆ ಯಜಮಾನ ಅಂದವರೇ, ನೀನು ನಮ್ಮ ಕುಲದವನಲ್ಲ ಅಂತ ಗೊತ್ತಾದ ಕೂಡಲೇ ತಿರುಗಿಬೀಳುತ್ತಾರೆ. ಅವನು ಹಳೆಯ ಗೆಳೆಯರ ಜೊತೆ ಒಬ್ಬೊಬ್ಬರಾಗಿ ಬಟ್ಟಲು ಹೆಂಡ ಕುಡಿದು, ಗೆಳೆತನ ಕಡಿದುಕೊಂಡು, ಆಮೇಲೆ ಅವರ ಜೊತೆಗೇ ಹೊಡೆದಾಟಕ್ಕಿಳಿಯುತ್ತಾನೆ. ಅದನ್ನು ಮಕ್ಕಳ ಜೊತೆ ನೋಡಬೇಡಿ, ರಕ್ತ ಜಾಸ್ತಿ.

‘ಕಾಂಡರ್ ಹೀರೋಸ್’ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಅರ್ಧ ಹದ್ದಿಗೆ ಕಳೆದದ್ದು, ಅರ್ಧ ಸ್ಲೋ ಮೋಷನ್‌ಗೆ. ಇದರ ಮುಂದಿನ ಕಥೆ 2006ರಲ್ಲಿ ಬಂದ ‘ದಿ ರಿಟರ್ನ್ ಆಫ್ ದಿ ಕಾಂಡರ್ ಹೀರೋಸ್’ ಸೀರಿಯಲ್ಲಿನಲ್ಲಿದೆ. ನಾಯಕಿಯಾಗಿ ಲಿಯು ಯಿಫೇ ಇದ್ದಾಳೆ, ಜಿಯುಜಾಯ್‌ಗೌ ಕಣಿವೆಯ ನೀಲಿ ಕೆರೆಗಳಿವೆ. ಮುಂದಿನ ಭಾನುವಾರ ಅದನ್ನೇ ಇಳಿಸಿಕೊಂಡು ಬಾ ಅಂತ ಅಮ್ಮ ಹೇಳಿಯಾಗಿದೆ. ಅದರ ನಾಯಕ ಯಾಂಗ್ ಕಾಂಗ್‌ನ ಮಗ ಅಂತ ನಾನಿನ್ನೂ ಹೇಳಿಲ್ಲ.